‘ಹಾಲು’ ‘ಆಲು’ ಆದರೆ ಭಾಷೆ ಕೆಟ್ಟಿತಾ?

ಪ್ರಶ್ನೆ: ನನ್ನ ಮಗಳು ಎಂ.ಎ.ಗೆ ಭಾಷಾವಿಜ್ಞಾನ ತಗೊಳ್ತೀನಿ ಅಂತಿದ್ದಾಳೆ. ಕನ್ನಡ ಎಂ.ಎ. ಗೊತ್ತು, ಇಂಗ್ಲಿಷ್ ಎಂ.ಎ. ಗೊತ್ತು. ಇದೇನು? ಹತ್ತಾರು ಭಾಷೆ ಕಲಿಸ್ತಾರಾ, ಇಲ್ಲ ಬರೀ ವ್ಯಾಕರಣಾನಾ? ಇದಕ್ಕೆ ‘ವಿಜ್ಞಾನ’ ಅಂತ ಯಾಕೆ ಹೆಸರು?

ಉತ್ತರ: ಎರಡೂ ಅಲ್ಲ. ಹತ್ತು ಭಾಷೆ ಮಾತಾಡುವವರಿಗೆ ಭಾಷಾವಿಜ್ಞಾನ ಗೊತ್ತಿರಬೇಕು ಅಂತೇನಿಲ್ಲ. ಒಂದೇ ಭಾಷೆ ಬಲ್ಲವರೂ ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕಬಹುದು. ಶಾಲೆಯ ವ್ಯಾಕರಣ ಹೀಗೆ ಬರೆಯಿರಿ, ಹಾಗೆ ಬರೆಯಬೇಡಿ ಎನ್ನುತ್ತದೆ. ಭಾಷಾವಿಜ್ಞಾನ ಜನ ನಿಜಕ್ಕೂ ಹೇಗೆ ಮಾತಾಡುತ್ತಾರೆ, ಹಾಗೇ ಯಾಕೆ ಮಾತಾಡುತ್ತಾರೆ ಎಂದು ಕೇಳುತ್ತದೆ.

ಕೂತಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ‘ಗಿಬ’ ಎನ್ನುವ ಪದ ನೀವು ಕೇಳಿಲ್ಲ, ಅದನ್ನು ನಾನು ಈಗಷ್ಟೇ ಕಟ್ಟಿದ್ದೇನೆ. ಅದು ಒಂದು ವಸ್ತು ಅಂದುಕೊಳ್ಳಿ, ಅದಕ್ಕೆ ಬಣ್ಣ ಬಳಿಯಬೇಕು. ಯಾವುದಕ್ಕೆ ಬಣ್ಣ? ‘ಗಿಬಕ್ಕೆ’ ಅಂದಿರಿ, ಅಲ್ವಾ? ಈಗ ಗಿಬ ಒಬ್ಬ ಹುಡುಗ. ಪುಸ್ತಕ ಯಾರಿಗೆ ಕೊಟ್ಟಿರಿ? ‘ಗಿಬನಿಗೆ’. ಕೊನೆಯ ಅಕ್ಷರ ಬದಲಿಸಿ ‘ಗಿಬೆ’ ಅಂದರೆ ತಕ್ಷಣ ‘ಗಿಬೆಗೆ’ ಆಗುತ್ತದೆ. ಮರಕ್ಕೆ, ರಾಮನಿಗೆ, ಮನೆಗೆ ಇದ್ದ ಹಾಗೇ. ಪದ ಯಾವ ಸ್ವರದಲ್ಲಿ ಮುಗಿಯುತ್ತದೆ, ಅದು ಮನುಷ್ಯನ ಹೆಸರಾ ವಸ್ತುವಿನ ಹೆಸರಾ ಎಂಬ ಲೆಕ್ಕವನ್ನೆಲ್ಲ ನಿಮ್ಮ ತಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸಿತು, ಅದೂ ಎಂದೂ ಕೇಳದ ಪದಕ್ಕೆ. ಶಾಲೆಯ ಮೆಟ್ಟಿಲು ಹತ್ತದವರೂ ಇದೇ ಉತ್ತರ ಕೊಡುತ್ತಾರೆ. ನನಗೆ ಇದು ಇವತ್ತಿಗೂ ಬೆರಗು.

ಅಮೆರಿಕದಲ್ಲಿ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದ್ದೇ. ಪುಟ್ಟ ಮಕ್ಕಳಿಗೆ ಒಂದು ವಿಚಿತ್ರ ಪ್ರಾಣಿಯ ಚಿತ್ರ ತೋರಿಸಿ ಇದು ‘ವಗ್’ ಅಂದರು. ಈಗ ಎರಡಿವೆ, ಇವು ಏನು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಸರಿಯಾದ ಬಹುವಚನ ಮಾಡಿ ಹೇಳಿದರು. ಆ ಪದ ಅವರು ಯಾರ ಬಾಯಲ್ಲೂ ಕೇಳಿರಲಿಲ್ಲ. ಅಂದರೆ ಮಕ್ಕಳು ಬರೀ ಕೇಳಿದ್ದನ್ನು ಒಪ್ಪಿಸುವುದಿಲ್ಲ, ಕೇಳಿದ್ದರಿಂದ ನಿಯಮವನ್ನೇ ಕಟ್ಟಿಕೊಳ್ಳುತ್ತಾರೆ.

ವಿಜ್ಞಾನ ಅನ್ನುವುದೂ ಇದಕ್ಕೇ. ಜನ ಆಡುವ ಮಾತನ್ನು ಕೂಡಿಹಾಕಿ, ಅದರಲ್ಲಿ ಒಂದು ನಿಯಮ ಇರಬಹುದು ಎಂದು ಊಹಿಸಿ, ಹೊಸ ಪದ ಕೊಟ್ಟು ಪರೀಕ್ಷಿಸುತ್ತಾರೆ. ಊಹೆ ತಪ್ಪಾದರೆ ಅದನ್ನು ಬಿಡುತ್ತಾರೆ. ಮಗಳನ್ನು ಧೈರ್ಯವಾಗಿ ಓದಲು ಬಿಡಿ.

ಪ್ರಶ್ನೆ: ಎಷ್ಟೋ ಜನ ‘ಹಾಲು’ ಅನ್ನಲು ‘ಆಲು’, ‘ಹೋಗು’ ಅನ್ನಲು ‘ಓಗು’ ಅಂತಾರೆ. ಇನ್ನು ಕೆಲವರು ‘ಆಕಾಶ’ಕ್ಕೆ ‘ಹಾಕಾಶ’ ಅಂತಾರೆ. ಕೇಳಿದರೆ ಮೈ ಉರಿಯುತ್ತೆ. ಭಾಷೆ ಹಾಳಾಗ್ತಿದೆ ಅಂತ ಭಾಷಾವಿಜ್ಞಾನಿಗಳಾದರೂ ಹೇಳಬಾರದಾ?

ಉತ್ತರ: ಹೇಳುವುದಿಲ್ಲ. ಕಾರಣ ನಿಮ್ಮ ‘ಹಾಲು’ವಿನಲ್ಲೇ ಇದೆ.

ಪಂಪನ ಕಾಲದಲ್ಲಿ, ಅಂದರೆ 10ನೇ ಶತಮಾನದಲ್ಲಿ, ಅದು ‘ಪಾಲ್’. ಹುಲಿ ‘ಪುಲಿ’, ಹೋಗು ‘ಪೋಗು’, ಹಲ್ಲು ‘ಪಲ್’. ತಮಿಳು ಮತ್ತು ತೆಲುಗಿನಲ್ಲಿ ‘ಪುಲಿ’ ಇವತ್ತಿಗೂ ಪುಲಿಯೇ. ಕನ್ನಡದಲ್ಲಿ ಮಾತ್ರ ಮುಂದಿನ ಕೆಲವು ಶತಮಾನಗಳಲ್ಲಿ ಪದದ ಮೊದಲಿನ ‘ಪ’ ಮೆಲ್ಲಗೆ ‘ಹ’ ಆಯಿತು. ಪಂಪನ ಕಾಲದವರು ಯಾರಾದರೂ ಇಂದು ಬಂದು ನೀವು ‘ಹಾಲು’ ಅನ್ನುವುದನ್ನು ಕೇಳಿದರೆ ಅವರಿಗೂ ಅದು ಕೆಟ್ಟ ಕನ್ನಡ ಅನ್ನಿಸಬಹುದು.

‘ಪ’ ಹೇಳಲು ಎರಡೂ ತುಟಿ ಪೂರ್ತಿ ಮುಚ್ಚಬೇಕು. ತುಟಿ ಸಡಿಲವಾದರೆ ಬರೀ ಉಸಿರು ಉಳಿಯುತ್ತದೆ, ಅದು ‘ಹ’. ಆ ಉಸಿರೂ ಹೋದರೆ ಸ್ವರ ಮಾತ್ರ ಉಳಿಯುತ್ತದೆ. ಈ ದಾರಿ ಕನ್ನಡ ಒಂದರದ್ದೇ ಅಲ್ಲ. ಜಪಾನಿ ಭಾಷೆಯ ‘ಹ’ ಕೂಡ ಒಂದು ಕಾಲದಲ್ಲಿ ‘ಪ’ ಆಗಿತ್ತು. ಆರ್ಮೇನಿಯನ್ ಭಾಷೆ ಸಂಸ್ಕೃತದ ದೂರದ ನೆಂಟ. ಸಂಸ್ಕೃತದ ‘ಪಂಚ’ಕ್ಕೆ ಅಲ್ಲಿ ‘ಹಿಂಗ್’. ‘ಪಾದ’ಕ್ಕೆ ಹಳೆಯ ಆರ್ಮೇನಿಯನ್‌ನಲ್ಲಿ ‘ಓತ್ನ್’, ಅಲ್ಲಿ ‘ಹ’ ಕೂಡ ಇಲ್ಲ! ‘ಆಲು’ ಅನ್ನುವವರು ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಇದ್ದಾರೆ, ಅಷ್ಟೇ. ಅದು ಸೋಮಾರಿತನ ಅಲ್ಲ, ನಾಲಗೆ ಹೊರಳದಿರುವುದೂ ಅಲ್ಲ.

‘ಹಾಕಾಶ’ದ ಕತೆ ಬೇರೆ, ಅದನ್ನು ಕೇಳಿದರೆ ನನಗೆ ಸಂಕಟ ಆಗುತ್ತದೆ. ಮನೆಮಾತಿನಲ್ಲಿ ‘ಹ’ ಇಲ್ಲದವರಿಗೆ ನೀವು ‘ಹ’ ಬಿಡ್ತೀರಿ, ‘ಹ’ ಬಿಡ್ತೀರಿ ಎಂದು ಮತ್ತೆ ಮತ್ತೆ ಹೇಳಿದರೆ, ಎಲ್ಲಿ ಸೇರಿಸಬೇಕು ಎಲ್ಲಿ ಬೇಡ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ತಪ್ಪಾಗಬಾರದು ಎಂಬ ಭಯಕ್ಕೆ ಬೇಡದ ಕಡೆಯೂ ಸೇರಿಸಿಬಿಡುತ್ತಾರೆ. ಬರಹದ ಕನ್ನಡದಲ್ಲಿ ‘ಹಾಲು’ ಅಂತಲೇ ಬರೆಯೋಣ, ಎಲ್ಲರಿಗೂ ಒಂದೇ ಕಾಗುಣಿತ ಇದ್ದರೆ ಓದುವುದು ಸುಲಭ. ಆದರೆ ಉಚ್ಚಾರ ನೋಡಿ ಒಬ್ಬರ ಬುದ್ಧಿ ಅಳೆಯುವುದು ಅನ್ಯಾಯ, ಅದನ್ನು ದಯವಿಟ್ಟು ಬಿಡಿ.

ಪ್ರಶ್ನೆ: ಕನ್ನಡ ಸಂಸ್ಕೃತದಿಂದ ಹುಟ್ಟಿದ್ದು ಅಂತ ಒಬ್ಬರು, ಅಲ್ಲ ಅಂತ ಇನ್ನೊಬ್ಬರು. ನಾವು ಆಡುವ ಪದಗಳಲ್ಲಿ ಎಷ್ಟೊಂದು ಸಂಸ್ಕೃತದವೇ ಇವೆಯಲ್ಲ? ಇದನ್ನು ತೀರ್ಮಾನ ಮಾಡೋದು ಹೇಗೆ?

ಉತ್ತರ: ಕನ್ನಡ ಸಂಸ್ಕೃತದಿಂದ ಹುಟ್ಟಿದ್ದಲ್ಲ. ಪದ ಎರವಲು ತರುವುದು ಬೇರೆ, ಹುಟ್ಟು ಬೇರೆ. ನೆಂಟಸ್ತಿಕೆ ನೋಡುವಾಗ ಎಣಿಕೆ, ಮೈಯ ಭಾಗಗಳು, ನಾನು-ನೀನು, ಪ್ರತ್ಯಯಗಳು ಇಂಥವನ್ನು ಮೊದಲು ನೋಡುತ್ತಾರೆ, ಇವು ಸುಲಭಕ್ಕೆ ಬದಲಾಗುವುದಿಲ್ಲ. ಸುಮ್ನೆ ಒಂದೆರಡು ಪದ ಹೋಲಿದರೆ ಸಾಲದು, ವ್ಯತ್ಯಾಸವೂ ಒಂದೇ ರೀತಿ ಇರಬೇಕು. ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ‘ಕೆರೆ’ ಅಲ್ಲಿ ‘ಚೆರುವು’. ಇ, ಎ ಸ್ವರಗಳ ಮುಂದೆ ಕನ್ನಡ ‘ಕ’ ಉಳಿಸಿಕೊಂಡಿತು, ತೆಲುಗಿನಲ್ಲಿ ಅದು ‘ಚ’ ಆಯಿತು.

ಕನ್ನಡ, ತಮಿಳು, ತೆಲುಗು ಇಂಥ ಭಾಷೆಗಳದ್ದು ಸಂಸ್ಕೃತದ್ದಲ್ಲದ ಬೇರೆಯೇ ಕುಟುಂಬ (ಇಂದು ನಾವು ‘ದ್ರಾವಿಡ’ ಅನ್ನುವುದು) ಎಂದು ಬ್ರಿಟಿಷ್ ಅಧಿಕಾರಿ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲೇ ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅದನ್ನು ದೊಡ್ಡ ವ್ಯಾಕರಣವಾಗಿ ಬೆಳೆಸಿದರು. ಎರವಲು ಪದ ಜಾಸ್ತಿ ಇದ್ದ ಮಾತ್ರಕ್ಕೆ ಕುಟುಂಬ ಬದಲಾಗುವುದಿಲ್ಲ ಅನ್ನುವುದಕ್ಕೆ ಬ್ರಾಹುಯಿ ಭಾಷೆ ನೋಡಿ. ಅದೂ ಕನ್ನಡದ ಕುಟುಂಬದ್ದೇ, ಆದರೆ ಅದನ್ನು ಆಡುವುದು ದೂರದ ಬಲೂಚಿಸ್ತಾನದಲ್ಲಿ. ಸುತ್ತಲೂ ಬೇರೆ ಕುಟುಂಬದ ಭಾಷೆಗಳು, ಅದರ ಪದಗಳಲ್ಲಿ ಬಹುಪಾಲು ಅವುಗಳಿಂದಲೇ ಬಂದವು. ಆದರೂ ಅಲ್ಲಿ ಕಣ್ಣಿಗೆ ‘ಖನ್’ ಎನ್ನುತ್ತಾರೆ.