ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಆಗಿತ್ತು, ಈಗ ಥೈರಾಯ್ಡ್ ಪರೀಕ್ಷೆ ಬೇಕಾ?

ಪ್ರಶ್ನೆ: ನನಗೀಗ 31 ವರ್ಷ. 9 ವರ್ಷದವಳಿದ್ದಾಗ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಬಂದು ಕುತ್ತಿಗೆಗೂ ಎದೆಗೂ ರೇಡಿಯೇಷನ್ ಕೊಟ್ಟಿದ್ದರು. ಕ್ಯಾನ್ಸರ್ ಪೂರ್ತಿ ವಾಸಿಯಾಗಿದೆ. ಮೂರು ವರ್ಷದ ಹಿಂದೆ ಮಾಡಿಸಿದ ಥೈರಾಯ್ಡ್ ಪರೀಕ್ಷೆ ನಾರ್ಮಲ್ ಇತ್ತು. ಈಗ ಮಗು ಬೇಕು ಅಂತ ಯೋಚಿಸುತ್ತಿದ್ದೇವೆ. ಆದರೆ ಇತ್ತೀಚೆಗೆ ಸುಸ್ತು ಜಾಸ್ತಿ, ಕೂದಲೂ ಉದುರುತ್ತಿದೆ. ಅಮ್ಮ "ಮುಗಿದು ಹೋಗಿದ್ದನ್ನ ಯಾಕೆ ಕೆದಕ್ತೀಯ" ಅಂತಾರೆ. ಇಷ್ಟು ವರ್ಷವಾದ ಮೇಲೂ ಅದರ ಪರಿಣಾಮ ಇರುತ್ತಾ?

ಉತ್ತರ: ಇರುತ್ತದೆ. ಆ ಕಾಯಿಲೆಯ ಜೊತೆ ಅಷ್ಟು ದಿನ ಹೆಣಗಾಡಿದ ತಾಯಿಗೆ ಅದರ ಸುದ್ದಿಯೇ ಬೇಡ ಅನ್ನಿಸುವುದು ಸಹಜ. ಆದರೆ ಕ್ಯಾನ್ಸರ್ ಮುಗಿದಿದೆ, ರೇಡಿಯೇಷನ್ ಬಿದ್ದ ಥೈರಾಯ್ಡ್ ಗ್ರಂಥಿಯ ಕಥೆ ಮುಗಿದಿಲ್ಲ. ಮಕ್ಕಳ ಥೈರಾಯ್ಡ್ ಬೆಳೆಯುತ್ತಿರುವ ಅಂಗ. ಅದಕ್ಕೇ ದೊಡ್ಡವರಿಗಿಂತ ಅವರಿಗೆ ಪೆಟ್ಟು ಜೋರು, ಆ ಪೆಟ್ಟು ಕಾಣಿಸಿಕೊಳ್ಳುವುದು ನಿಧಾನ.

ಉಕ್ರೇನಿನ ಚೆರ್ನೋಬಿಲ್ ನೆನಪಿಸಿಕೊಳ್ಳಿ. 1986ರ ಏಪ್ರಿಲ್ 26ರಂದು ಅಣು ಸ್ಥಾವರ ಸಿಡಿಯಿತು. ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು, ಹಸು ಮೇಯ್ದವು, ಮಕ್ಕಳು ಹಾಲು ಕುಡಿದರು, ಅಯೋಡಿನ್ ಹೀರಿಕೊಳ್ಳುವ ಥೈರಾಯ್ಡ್‌ನಲ್ಲಿ ಅದು ಸೇರಿಕೊಂಡಿತು. ಆ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುವಂಥದ್ದು, ಕೆಲವೇ ತಿಂಗಳಲ್ಲಿ ಇಲ್ಲವಾಯಿತು. ಥೈರಾಯ್ಡ್ ಕ್ಯಾನ್ಸರ್ ಏರತೊಡಗಿದ್ದು ಮಾತ್ರ ನಾಲ್ಕೈದು ವರ್ಷದ ಮೇಲೆ. 2005ರ ಹೊತ್ತಿಗೆ ಆಗಿನ ಮಕ್ಕಳು ಮತ್ತು ಹದಿಹರೆಯದವರಲ್ಲಿ 6,000ಕ್ಕೂ ಹೆಚ್ಚು ಕೇಸುಗಳು. ಅವರಲ್ಲಿ ಆವರೆಗೆ ತೀರಿಕೊಂಡವರು 15 ಮಂದಿ ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ವರದಿ ಮಾಡಿದೆ. ಎರಡೂ ಅಂಕಿಯನ್ನು ಒಟ್ಟಿಗೇ ಓದಿ. ಅಪಾಯ ನಿಜ, ಪತ್ತೆಯಾದರೆ ಚಿಕಿತ್ಸೆಗೆ ಬಗ್ಗುತ್ತದೆ ಅನ್ನುವುದೂ ನಿಜ.

ನಿಮ್ಮಂಥವರಲ್ಲಿ ಹೆಚ್ಚಾಗಿ ಕಾಣುವುದು ಕ್ಯಾನ್ಸರ್ ಅಲ್ಲ, ಹೈಪೋಥೈರಾಯ್ಡ್. ಅಂದರೆ ಗ್ರಂಥಿ ಸೋತು ಹಾರ್ಮೋನ್ ಕಡಿಮೆಯಾಗುವುದು. ಇದು ಚಿಕಿತ್ಸೆಯಾದ ಇಪ್ಪತ್ತು ವರ್ಷದ ಮೇಲೂ ಶುರುವಾಗಬಹುದು. ಹಾಗಾಗಿ ಮೂರು ವರ್ಷದ ಹಿಂದಿನ ನಾರ್ಮಲ್ ರಿಪೋರ್ಟನ್ನು ಈಗ ನಂಬಿ ಕೂರುವಂತಿಲ್ಲ. ವರ್ಷಕ್ಕೊಮ್ಮೆ ಟಿ.ಎಸ್.ಎಚ್. (ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್) ಮತ್ತು ಫ್ರೀ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನ್) ರಕ್ತ ಪರೀಕ್ಷೆ ಮಾಡಿಸಬೇಕು, ಜೀವನಪೂರ್ತಿ. ತಲೆಗೆ ರೇಡಿಯೇಷನ್ ಆದವರಲ್ಲಿ ಫ್ರೀ ಟಿ4 ಬಿಡಲೇಬಾರದು. ಟಿ.ಎಸ್.ಎಚ್. ತಯಾರಿಸುವುದು ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ. ಅದೇ ಸೋತಿದ್ದರೆ ಟಿ.ಎಸ್.ಎಚ್. ಏರುವುದೇ ಇಲ್ಲ, ರಿಪೋರ್ಟ್ ಸುಮ್ನೆ ನಾರ್ಮಲ್ ಅನ್ನುತ್ತದೆ.

ಒಂದು ಸಣ್ಣ ವಿಷಯ, ಬಹಳ ಜನ ಇಲ್ಲೇ ಎಡವುತ್ತಾರೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಗೊಳ್ತಿದ್ದೀರಾ? ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಅದು ಟಿ.ಎಸ್.ಎಚ್. ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಟಿ4 ಅನ್ನು ಜಾಸ್ತಿ ತೋರಿಸುತ್ತದೆ. ಇರುವ ಕಾಯಿಲೆ ಮುಚ್ಚಿಹೋಗುತ್ತದೆ. ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ಡೋಸ್ ದೊಡ್ಡದಿದ್ದರೆ ಇನ್ನೂ ಮುಂಚೆ ನಿಲ್ಲಿಸಬೇಕಾಗಬಹುದು, ಡಾಕ್ಟರನ್ನು ಕೇಳಿ.

ಬಸಿರಾಗುವ ಮೊದಲೇ ಈ ಪರೀಕ್ಷೆ ಮುಗಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಮೊದಲ ಮೂರು ತಿಂಗಳು ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನ್ ಇರುವುದಿಲ್ಲ, ಅದರ ಮೆದುಳು ಬೆಳೆಯುವುದು ನಿಮ್ಮ ಹಾರ್ಮೋನಿನಿಂದಲೇ. ಕಡಿಮೆಯಿದ್ದರೆ ದಿನಕ್ಕೊಂದು ಮಾತ್ರೆ ಸಾಕು. ಬಸಿರಾದ ಕೂಡಲೇ ಡೋಸ್ ಏರಿಸಬೇಕಾಗುತ್ತದೆ, ಮೊದಲ ಸ್ಕ್ಯಾನ್‌ವರೆಗೆ ಕಾಯಬೇಡಿ.

ಇನ್ನು ಥೈರಾಯ್ಡ್‌ನಲ್ಲಿ ಬರಬಹುದಾದ ಗಂಟಿನ ಮಾತು. ವರ್ಷಕ್ಕೊಮ್ಮೆ ಡಾಕ್ಟರ್ ಕುತ್ತಿಗೆ ಮುಟ್ಟಿ ನೋಡಲಿ. ನೀವು ನೀರು ನುಂಗುವಾಗ ಅವರ ಬೆರಳ ಕೆಳಗೆ ಗ್ರಂಥಿ ಮೇಲೆ ಕೆಳಗೆ ಸರಿಯುತ್ತದೆ, ಗಂಟಿದ್ದರೆ ಅದೂ ಜೊತೆಗೇ ಸರಿಯುತ್ತದೆ. ಅಲ್ಟ್ರಾಸೌಂಡ್ ಬೇಕೇ ಎಂಬುದನ್ನು ಅವರ ಜೊತೆ ಕೂತು ತೀರ್ಮಾನಿಸಿ. ತೀರಾ ಚಿಕ್ಕ ಗಂಟೂ ಅದರಲ್ಲಿ ಸಿಗುತ್ತದೆ, ಅವುಗಳಲ್ಲಿ ಹೆಚ್ಚಿನವು ನಿರಪಾಯ, ಆದರೆ ನಿದ್ದೆಗೆಡಿಸುತ್ತವೆ. ಅನುಮಾನವಿದ್ದರೆ ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುತ್ತಾರೆ. ಕ್ಯಾನ್ಸರ್ ಎಂದಾದರೂ ಅದು ಹೆಚ್ಚಾಗಿ ಪ್ಯಾಪಿಲರಿ ಎಂಬ ನಿಧಾನದ ಜಾತಿ.

ನೀವು ಕೇಳದಿದ್ದರೂ ಹೇಳಲೇಬೇಕು: ಎದೆಗೂ ರೇಡಿಯೇಷನ್ ಆಗಿದೆ, ಅದು ಸ್ತನ ಮತ್ತು ಹೃದಯಕ್ಕೂ ತಾಗಿರಬಹುದು. ಸ್ತನದ ಎಂ.ಆರ್.ಐ. ಮತ್ತು ಹೃದಯದ ಎಕೋ (ಅಲ್ಟ್ರಾಸೌಂಡ್ ಪರೀಕ್ಷೆ), ಎರಡನ್ನೂ ಬಸಿರಿಗೆ ಮೊದಲೇ ವಿಚಾರಿಸಿ. ಹಳೆಯ ಆಸ್ಪತ್ರೆಯಿಂದ ಎಷ್ಟು ಗ್ರೇ (ರೇಡಿಯೇಷನ್ ಅಳೆಯುವ ಮಾನ) ಡೋಸ್, ಯಾವ ಭಾಗಕ್ಕೆ ಎಂಬ ದಾಖಲೆ ತರಿಸಿಕೊಳ್ಳಿ.

ಪ್ರಶ್ನೆ: ನನ್ನ 6 ವರ್ಷದ ಮಗ ಬಿದ್ದಾಗ ತಲೆಗೆ ಒಂದು ಸಿ.ಟಿ. ಸ್ಕ್ಯಾನ್ ಆಗಿತ್ತು. ಹಲ್ಲಿನ ಎಕ್ಸ್‌ರೇ ಕೂಡ ತೆಗೆದಿದ್ದಾರೆ. ಮುನ್ನೆಚ್ಚರಿಕೆಗೆ ಅಯೋಡಿನ್ ಮಾತ್ರೆ ಕೊಡಬಹುದಾ?

ಉತ್ತರ: ಬೇಡ. ವಿಕಿರಣಶೀಲ ಅಯೋಡಿನ್ ದೇಹದೊಳಗೆ ಸೇರುವ ಸಂದರ್ಭದಲ್ಲಿ, ಅದೂ ಸೇರುವ ಮೊದಲು ಅಥವಾ ಕೆಲವೇ ಗಂಟೆಯೊಳಗೆ ತಗೊಂಡರೆ ಮಾತ್ರ ಆ ಮಾತ್ರೆ ಗ್ರಂಥಿಯನ್ನು ಕಾಪಾಡುತ್ತದೆ. ಎಕ್ಸ್‌ರೇ, ಸಿ.ಟಿ.ಗೆ ಅದರಿಂದ ಏನೂ ಉಪಯೋಗವಿಲ್ಲ, ಸುಮ್ನೆ ಕೊಟ್ಟರೆ ಥೈರಾಯ್ಡೇ ಏರುಪೇರಾಗಬಹುದು. ಮಗನಿಗೆ ಬಿದ್ದ ಪ್ರಮಾಣ ಕ್ಯಾನ್ಸರ್ ಚಿಕಿತ್ಸೆಗೆ ಹೋಲಿಸಿದರೆ ಸಾವಿರಾರು ಪಟ್ಟು ಕಡಿಮೆ. ಇದಕ್ಕಾಗಿ ವರ್ಷವರ್ಷ ರಕ್ತ ಪರೀಕ್ಷೆಯೂ ಬೇಕಿಲ್ಲ. ಮುಂದೆ ಯಾರಾದರೂ ಸ್ಕ್ಯಾನ್ ಬರೆದುಕೊಟ್ಟರೆ, ಅಲ್ಟ್ರಾಸೌಂಡ್‌ನಲ್ಲೋ ಎಂ.ಆರ್.ಐ.ನಲ್ಲೋ ಕೆಲಸ ಆಗುತ್ತಾ ಅಂತ ಒಮ್ಮೆ ಕೇಳಿ. ನಿಜಕ್ಕೂ ಸಿ.ಟಿ. ಬೇಕಿದ್ದರೆ ಹೆದರಿ ತಪ್ಪಿಸಬೇಡಿ.