ಕೀನ್ಯಾದವನು ಮನೆಯಲ್ಲಿ, ಭೂತಾನದವಳು ಪ್ಯಾರಿಸ್‌ನಲ್ಲಿ: ಇದು ಅನ್ಯಾಯವೇ?

'2 ಗಂಟೆ 5 ನಿಮಿಷಕ್ಕೆ ಮ್ಯಾರಥಾನ್ ಮುಗಿಸುವ ಕೀನ್ಯಾದವನು ಮನೆಯಲ್ಲಿ ಕೂರಬೇಕು, ನಾಲ್ಕು ಗಂಟೆ ಹಿಡಿಯುವವರು ಒಲಿಂಪಿಕ್ಸ್‌ನಲ್ಲಿ ಓಡಬಹುದು, ಇದ್ಯಾವ ನ್ಯಾಯ?' ಅಂತ ಕೇಳಿದ್ದೀರಿ. ನಾನು ಕೋಚ್ ಅಲ್ಲ, ಭಾನುವಾರ ಬೆಳಗ್ಗೆ ಓಡುವವರ ಪೈಕಿ. ಆದರೆ ಫಲಿತಾಂಶದ ಪಟ್ಟಿ ಓದುವ ಚಟ ಹಳೆಯದು.

ನಿಮ್ಮ ಮನಸ್ಸಿನಲ್ಲಿರುವುದು ಭೂತಾನದ ಕಿಂಜಾಂಗ್ ಲಾಮೊ ಇರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಸಿಫಾನ್ ಹಸನ್ ಚಿನ್ನ ಗೆದ್ದು ಒಂದೂವರೆ ಗಂಟೆಯಾದ ಮೇಲೆ, 3:52:59ಕ್ಕೆ, ಕೊನೆಯವರಾಗಿ ಬಂದರು. ಯಾರೂ ಅರ್ಹತೆ ಪಡೆಯದ ದೇಶಗಳಿಗೆಂದು ಇರುವ ಜಾಗ ಅವರದು. ಅವರು ಥಿಂಪುವಿನಲ್ಲೇ ಉಳಿದಿದ್ದರೂ ನಾಲ್ಕನೆಯ ಕೀನ್ಯಾದವಳಿಗೆ ಏನೂ ಸಿಗುತ್ತಿರಲಿಲ್ಲ. ಅವಳನ್ನು ತಡೆಯುವುದು ಬೇರೆಯೇ ನಿಯಮ: ಒಂದು ದೇಶಕ್ಕೆ ಮೂವರು ಮಾತ್ರ.

ಆ ಮಿತಿ ಕ್ರೂರ, ಒಪ್ಪುತ್ತೇನೆ. ಇಥಿಯೋಪಿಯಾದ ತಮಿರಾತ್ ತೋಲಾ ಮೊದಲ ಮೂವರಲ್ಲಿ ಇರಲೇ ಇಲ್ಲ, ಬದಲಿ ಓಟಗಾರ. ಆ ಮೂವರಲ್ಲೊಬ್ಬ ಸಿಸಾಯ್ ಲೆಮ್ಮಾ ಗಾಯಗೊಂಡು ಹಿಂದೆ ಸರಿದದ್ದಕ್ಕೆ ಒಳಗೆ ಬಂದವರು 2:06:26ರ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನವನ್ನೇ ಹೊತ್ತೊಯ್ದರು! ಆದರೂ ಮಿತಿ ಇರಲಿ ಅನ್ನುತ್ತೇನೆ. ಕೀನ್ಯಾ, ಇಥಿಯೋಪಿಯಾದವರೇ ತುಂಬಿದ ಓಟ ನೋಡಲು ಪ್ರತಿವರ್ಷ ದೊಡ್ಡ ನಗರಗಳ ಮ್ಯಾರಥಾನ್‌ಗಳಿವೆ.

ನನ್ನ ತಕರಾರು ಬೇರೆ. ಈ ನಿಯಮಗಳಲ್ಲಿ ಪೆಟ್ಟು ತಿಂದವರು ತೀರಾ ವೇಗದ, ತೀರಾ ನಿಧಾನದ ತುದಿಯವರಲ್ಲ, ನಡುವಿನವರು. 2016ರ ರಿಯೊಗೆ ಪುರುಷರ ಅರ್ಹತಾ ಸಮಯ 2:19:00. ಟೋಕಿಯೊಗೆ 2:11:30. ಪ್ಯಾರಿಸ್‌ಗೆ 2:08:10. ಎಂಟು ವರ್ಷದಲ್ಲಿ ಹನ್ನೊಂದು ನಿಮಿಷದ ಹತ್ತಿರ! ಅಡಿಯಲ್ಲಿ ಕಾರ್ಬನ್ ಪಟ್ಟಿಯಿಟ್ಟು ವೇಗ ಹೆಚ್ಚಿಸುವ ಶೂ ಬಂದದ್ದು ನಿಜ, ಆದರೆ ಶೂ ಒಂದೇ ಅಷ್ಟು ಓಡಿಸುವುದಿಲ್ಲ. ರಿಯೊದಲ್ಲಿ ನೂರೈವತ್ತಕ್ಕೂ ಹೆಚ್ಚು ಗಂಡಸರು ಓಡಿದ್ದರು, ಪ್ಯಾರಿಸ್‌ಗೆ ನಿಗದಿಯಾದ ಜಾಗ 80. ಸಮಯ ಮುಟ್ಟದವರು ವಿಶ್ವ ರ್‍ಯಾಂಕಿಂಗ್ ಮೂಲಕ ಬರಬಹುದು, ಸರಿ. ಆದರೆ ಅಲ್ಲಿ ಓಡಿದ ಸಮಯದ ಜೊತೆಗೆ ಯಾವ ದರ್ಜೆಯ ಓಟದಲ್ಲಿ ಎಷ್ಟನೆಯವರಾದಿರಿ ಅನ್ನುವುದಕ್ಕೂ ಅಂಕ. ದೊಡ್ಡ ಓಟಕ್ಕೆ ಆಹ್ವಾನ ಬೇಕು, ವಿಮಾನದ ಖರ್ಚು ಬೇಕು, ವೀಸಾ ಬೇಕು.

ನಮ್ಮ ಪಕ್ಕದ ವಯನಾಡಿನ ಟಿ. ಗೋಪಿಯನ್ನೇ ನೋಡಿ. 2016ರ ಮುಂಬೈ ಮ್ಯಾರಥಾನ್‌ನಲ್ಲಿ ಇನ್ನೊಬ್ಬ ಭಾರತೀಯ ಓಟಗಾರ ನಿತೇಂದ್ರ ಸಿಂಗ್ ರಾವತ್‌ಗೆ ವೇಗ ಹಿಡಿದುಕೊಡಲು, ಅಂದರೆ ಪೇಸರ್ ಆಗಿ, ಓಡಲು ಹೋದವರು. ನಿಲ್ಲದೆ ಪೂರ್ತಿ ಓಡಿಬಿಟ್ಟರು, 2:16:15, ರಿಯೊ ಅರ್ಹತೆ ಕೈಗೆ ಬಂತು. ರಿಯೊದಲ್ಲಿ 2:15:25ಕ್ಕೆ 25ನೆಯ ಸ್ಥಾನ, ಒಂದೇ ಸೆಕೆಂಡ್ ಹಿಂದೆ 26ನೆಯವರಾಗಿ ನಮ್ಮವರೇ ಆದ ಖೇತಾ ರಾಮ್. ಜಗತ್ತಿನ ಮೊದಲ ಮೂವತ್ತರೊಳಗೆ ಬಂದ ಈ ಇಬ್ಬರ ಆ ಸಮಯಕ್ಕೂ ಪ್ಯಾರಿಸ್‌ನ ಅರ್ಹತಾ ಸಮಯಕ್ಕೂ ಏಳು ನಿಮಿಷ ಅಂತರ. ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಭಾರತದವರು ಒಬ್ಬರೂ ಓಡಲಿಲ್ಲ.

ನನ್ನ ಕೈಯಲ್ಲಿದ್ದರೆ ಮೂವರ ಮಿತಿಯನ್ನೂ ಭೂತಾನದ ಜಾಗವನ್ನೂ ಮುಟ್ಟುತ್ತಿರಲಿಲ್ಲ. 80ನ್ನು 120 ಮಾಡಿ, ಹೆಚ್ಚುವರಿ ಜಾಗಗಳನ್ನು ಖಂಡವಾರು ಚಾಂಪಿಯನ್‌ಷಿಪ್‌ಗಳಿಗೆ ಹಂಚುತ್ತಿದ್ದೆ. ಮ್ಯಾರಥಾನ್ ನಡೆಯುವುದು ರಸ್ತೆಯಲ್ಲಿ, ಎಂಟು ಲೇನ್‌ನ ಟ್ರ್ಯಾಕ್‌ನಲ್ಲಲ್ಲವಲ್ಲ.