ತಮ್ಮಾ, ಆ ‘ಫ್ಯಾಮಿಲಿ’ ಮಾತಿನ ಬಗ್ಗೆ

ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಈಗ ಕಂಪನಿ ಕೊಡಿಸುವ ಎಚ್‌-1ಬಿ ಕೆಲಸದ ವೀಸಾದಲ್ಲಿ ಅಮೆರಿಕಕ್ಕೆ ಹೊರಟಿದ್ದೀಯ. ‘ಕಂಪನಿಯವರು ನಾವೆಲ್ಲ ಒಂದೇ ಫ್ಯಾಮಿಲಿ ಅಂತಾರೆ, ಅಲ್ಲಿ ನಮ್ಮವರು ಅನ್ನಿಸುತ್ತಾ ಅಕ್ಕಾ?’ ಅಂತ ಕೇಳಿದ್ದೀಯ.

ಪಕ್ಕದಲ್ಲಿ ಕೂರುವವರು ಖಂಡಿತ ನಮ್ಮವರಾಗುತ್ತಾರೆ. ಕಂಪನಿಯಿಂದ ಅದನ್ನು ನಿರೀಕ್ಷಿಸಬೇಡ.

ನಾನು ಮೂಡಿಗೆರೆ ಕಡೆಯವಳು, ಇಲ್ಲಿಗೆ ಬಂದು ಹದಿನೇಳು ವರ್ಷ. ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯರಿದ್ದರು, ಇಲ್ಲಿಯವರೇ. ಊರಿಂದ ತಂದ ಕಾಫಿಪುಡಿಯಲ್ಲಿ ಅವರಿಗೂ ಒಂದು ಪೊಟ್ಟಣ ಕೊಡುತ್ತಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಅವರ ಬ್ಯಾಡ್ಜಿಗೆ ಬಾಗಿಲು ತೆರೆಯಲಿಲ್ಲ, ಕೆಲಸದಿಂದ ತೆಗೆದಿದ್ದರು. ಕಂಪನಿಗೆ ಆ ಸಲವೂ ಲಾಭ ಬಂದಿತ್ತು, ಅಂದುಕೊಂಡಷ್ಟು ಬಂದಿರಲಿಲ್ಲ ಅಷ್ಟೇ. ಅವರ ಡ್ರಾಯರಿನಲ್ಲಿ ಬಟ್ಟೆ ಕ್ಲಿಪ್ ಹಾಕಿದ್ದ ಅರ್ಧ ಪೊಟ್ಟಣ ಹಾಗೇ ಇತ್ತು.

ಆಮೇಲೆ ಊಟಕ್ಕೆ ಒಟ್ಟಿಗೆ ಕೂರುವುದು ನಿಂತಿತು. ತನ್ನ ಜಾಗಕ್ಕೇ ಬಂದುಬಿಟ್ಟರೆ ಅಂತ ಹೊಸಬರಿಗೆ ಕೆಲಸ ಹೇಳಿಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಜ್ವರ ಬಂದರೂ ರಜೆ ಹಾಕಲು ಹೆದರಿಕೆ. ಯಾರೂ ಕೆಟ್ಟವರಲ್ಲ. ಕೆಲಸದ ಜೊತೆ ವೀಸಾನೂ ಹೋಗುವ ನಮ್ಮಂಥವರಿಗೆ ಆ ಭಯ ಇನ್ನೂ ಜಾಸ್ತಿ, ಅಲ್ವಾ?

2001ರ ಹೊತ್ತಿಗೆ ಕಾಫಿ ರೇಟು ನೆಲಕಚ್ಚಿದಾಗ ನಮ್ಮ ತೋಟದಲ್ಲೂ ಆಳು ಕಡಿಮೆ ಮಾಡಿದ್ದರು. ಅದೇನು ಸಣ್ಣ ನೋವಲ್ಲ. ಆದರೆ ಅಪ್ಪ ಕಣದಲ್ಲಿ ನಿಂತು ಎದುರಿಗೇ ಹೇಳಿದ್ದರು, ಆಳುಗಳ ಬೈಗುಳವನ್ನೂ ಕೇಳಿಸಿಕೊಂಡಿದ್ದರು. ಇಲ್ಲಿ ಒಂದು ಮೇಲ್ ಬಂತು. ಅದು ತಪ್ಪು ಅಂತಲೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕೆಲಸ ಹೋದರೆ ಎಚ್‌-1ಬಿಯವರಿಗೆ ಹೆಚ್ಚೆಂದರೆ 60 ದಿನ ಸಿಗುತ್ತದೆ, 2017ರಲ್ಲಿ ಬಂದ ನಿಯಮ. ಅಷ್ಟರೊಳಗೆ ಬೇರೆ ಕಂಪನಿ ನಿನಗಾಗಿ ಅರ್ಜಿ ಹಾಕಬೇಕು, ಇಲ್ಲ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಇಲ್ಲದಿದ್ದರೆ ಹೊರಡಬೇಕು. ಅದಕ್ಕೇ ಆರು ತಿಂಗಳ ಖರ್ಚಿನ ದುಡ್ಡು ಮುಟ್ಟದೆ ಇಡು. ವೀಸಾ ಕಾಗದ, ಪೇ ಸ್ಲಿಪ್ಪುಗಳು ಮನೆಯಲ್ಲೂ ಇರಲಿ, ಆಫೀಸ್ ಲ್ಯಾಪ್‌ಟಾಪ್ ಆ ದಿನ ತೆರೆಯುವುದಿಲ್ಲ. ಜೊತೆಯವರ ಸ್ವಂತ ನಂಬರು ಬರೆದಿಟ್ಟುಕೋ.

ನಾನು ಮೂರನೇ ದಿನ ಆ ಅರ್ಧ ಪೊಟ್ಟಣ ಹಿಡಿದು ಅವರ ಮನೆಗೆ ಹೋದೆ. ಮೊದಲ ದಿನವೇ ಹೋಗಬೇಕಿತ್ತು. ಆಫೀಸಿನಿಂದ ಬಂದವಳು ನೀನೊಬ್ಬಳೇ ಅಂದರು. ಈಗಲೂ ಊರಿಗೆ ಹೋಗಿ ಬಂದಾಗ ಮೊದಲ ಪೊಟ್ಟಣ ಅವರಿಗೇ. ಬಂದಿಳಿದ ಮೇಲೆ ಫೋನ್ ಮಾಡು, ನಿನಗೂ ಒಂದು ಎತ್ತಿಟ್ಟಿರುತ್ತೇನೆ.